ಉಬುಂಟುವಿನಿಂದ ಖೋಟ್ಲಾವರೆಗೆ: ಆಫ್ರಿಕಾದ ನಾಯಕತ್ವದ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಕೆಲವು ವರ್ಷಗಳ ಹಿಂದೆ ನಮ್ಮ ಆಫೀಸಿನಲ್ಲಿ ಲೀಡರ್‌ಶಿಪ್ ತರಬೇತಿ ಇಟ್ಟಿದ್ದರು. ತರಬೇತಿ ಕೊಡಲು ಬಂದವರು ಆಫ್ರಿಕಾದ ಮಕ್ಕಳದ್ದೊಂದು ಕಥೆ ಹೇಳಿ, ಬೋರ್ಡಿನ ಮೇಲೆ ದೊಡ್ಡದಾಗಿ "ಉಬುಂಟು" ಅಂತ ಬರೆದರು. ಆಫ್ರಿಕಾದಲ್ಲಿ ಎಲ್ಲಿ ಸರ್, ಅಂತ ಕೇಳಿದೆ. "ಆಫ್ರಿಕಾದಲ್ಲೇ" ಅಂದರು. ಮುಂದಿನ ವಾರ ಅದೇ ಆಫೀಸಿನಲ್ಲಿ ಆರು ಜನರನ್ನು ಒಂದೇ ಇಮೇಲಿನಲ್ಲಿ ಮನೆಗೆ ಕಳಿಸಿದರು.

ಆವತ್ತಿನಿಂದ ಈ ವಿಷಯ ಹಿಡಿದು ಓದುತ್ತಿದ್ದೇನೆ. ಗೆಳೆಯರು, ಸಹೋದ್ಯೋಗಿಗಳು ಮತ್ತೆ ಮತ್ತೆ ಕೇಳುವ ಪ್ರಶ್ನೆಗಳು ಇಲ್ಲಿವೆ. ಉತ್ತರಗಳಲ್ಲಿ ನನ್ನ ಅಭಿಪ್ರಾಯವೂ ಬೆರೆತಿದೆ.

ಆ ಹಣ್ಣಿನ ಬುಟ್ಟಿಯ ಕಥೆ ನಿಜವಾ?

ವಾಟ್ಸಾಪಿನಲ್ಲಿ ನಿಮಗೂ ಬಂದಿರುತ್ತದೆ. ಒಬ್ಬ ಸಂಶೋಧಕ ಮರದ ಕೆಳಗೆ ಹಣ್ಣಿನ ಬುಟ್ಟಿ ಇಟ್ಟು, ಮೊದಲು ಓಡಿ ಮುಟ್ಟಿದವರಿಗೆ ಎಲ್ಲಾ ಹಣ್ಣು ಅನ್ನುತ್ತಾನೆ. ಮಕ್ಕಳು ಕೈ ಕೈ ಹಿಡಿದು ಒಟ್ಟಿಗೆ ಓಡಿ, ಹಂಚಿಕೊಂಡು ತಿನ್ನುತ್ತವೆ. ಯಾಕೆ ಅಂದರೆ "ಉಬುಂಟು" ಅನ್ನುತ್ತವೆ.

ಯಾವ ಊರು, ಯಾವ ವರ್ಷ, ಸಂಶೋಧಕ ಯಾರು, ಇವು ಯಾವುದೂ ಆ ಕಥೆಯಲ್ಲಿ ಇರುವುದಿಲ್ಲ. "ಬೇಗ ಹೋಗಬೇಕಾದರೆ ಒಬ್ಬನೇ ಹೋಗು, ದೂರ ಹೋಗಬೇಕಾದರೆ ಜೊತೆಯಲ್ಲಿ ಹೋಗು" ಅನ್ನುವ "ಆಫ್ರಿಕನ್ ಗಾದೆ"ಯೂ ಹಾಗೇ. ಅದು ಯಾವ ಭಾಷೆಯ ಗಾದೆ ಅಂತ ಹೇಳಿದವರನ್ನು ಕೇಳಿ ನೋಡಿ. ಗಾದೆಗೆ ಭಾಷೆ ಇರಬೇಕಲ್ವಾ?

ಹಾಗಾದರೆ ಉಬುಂಟು ಅಂದರೆ ಏನು? ಅದು ಕಂಪ್ಯೂಟರಿನ ಹೆಸರಲ್ವಾ?

ಕಾಲೇಜಿನ ಕಂಪ್ಯೂಟರ್ ಲ್ಯಾಬಿನಲ್ಲಿ ನಾವು ನೋಡಿದ ಉಬುಂಟುವೂ ಅಲ್ಲಿಂದಲೇ ಬಂದದ್ದು. ದಕ್ಷಿಣ ಆಫ್ರಿಕಾದ ಮಾರ್ಕ್ ಶಟಲ್‌ವರ್ತ್ 2004ರಲ್ಲಿ ಆ ಲಿನಕ್ಸಿಗೆ ಈ ಹೆಸರಿಟ್ಟರು.

ಪದ ಮಾತ್ರ ಹಳೆಯದು. ದಕ್ಷಿಣ ಆಫ್ರಿಕಾದ ಜುಲು ಭಾಷೆಯಲ್ಲಿ "ಉಮುಂಟು" ಅಂದರೆ ಮನುಷ್ಯ. ಜುಲು, ಖೋಸಾ ಮುಂತಾದ ಭಾಷೆಗಳಲ್ಲಿ "ಉಬುಂಟು" ಅಂದರೆ ಮನುಷ್ಯತನ. "ಉಮುಂಟು ಙುಮುಂಟು ಙಾಬಂಟು" ಅನ್ನುತ್ತಾರೆ. ಮನುಷ್ಯ ಮನುಷ್ಯನಾಗುವುದು ಬೇರೆ ಮನುಷ್ಯರಿಂದ ಅಂತ ಅರ್ಥ. ಬೋಟ್ಸ್ವಾನಾದ ಸೆಟ್ಸ್ವಾನಾ ಭಾಷೆಯಲ್ಲಿ ಇದು "ಬೋಥೋ", ಜಿಂಬಾಬ್ವೆಯ ಶೋನಾದಲ್ಲಿ "ಹುನ್ಹು", ಸ್ವಾಹಿಲಿಯಲ್ಲಿ "ಉಟು".

ಇದನ್ನು "ಎಲ್ಲರ ಜೊತೆ ಚೆನ್ನಾಗಿರಿ" ಅಂತ ಬಿಡಿಸಿದರೆ ಅರ್ಧ ಅರ್ಥ ಹೋಯಿತು. ಬೇರೆಯವರನ್ನು ಹೇಗೆ ನಡೆಸಿಕೊಳ್ಳುತ್ತೀಯೋ ಅದರ ಮೇಲೆ ನೀನು ಮನುಷ್ಯನೋ ಅಲ್ಲವೋ ಅನ್ನುವುದು ತೀರ್ಮಾನ ಆಗುತ್ತದೆ, ಆ ತೀರ್ಮಾನ ಊರಿನದ್ದು, ನಿನ್ನದಲ್ಲ. ನಮ್ಮಲ್ಲಿ ಅಜ್ಜಿಯರು ಯಾರನ್ನಾದರೂ "ಅವನೂ ಒಬ್ಬ ಮನುಷ್ಯನಾ?" ಅಂತ ಬೈಯುವಾಗ ಇರುವ ಖಾರ ಈ ಪದದಲ್ಲೂ ಇದೆ.

ಕಾನೂನಿಗೂ ಇದು ಬಂತು. ದಕ್ಷಿಣ ಆಫ್ರಿಕಾದ 1993ರ ಮಧ್ಯಂತರ ಸಂವಿಧಾನದ ಕೊನೆಯಲ್ಲಿ ಉಬುಂಟು ಪದ ಇತ್ತು. 1995ರಲ್ಲಿ ಅಲ್ಲಿನ ಸಂವಿಧಾನ ನ್ಯಾಯಾಲಯ ಮರಣದಂಡನೆಯನ್ನು ತೆಗೆದುಹಾಕಿದಾಗ ನ್ಯಾಯಮೂರ್ತಿಗಳು ಇದೇ ಪದವನ್ನು ನೆನೆದರು. ಮರುವರ್ಷ, ವರ್ಣಭೇದದ ಕಾಲದ ಅನ್ಯಾಯಗಳನ್ನು ವಿಚಾರಿಸಲು ಪಾದ್ರಿ ಡೆಸ್ಮಂಡ್ ಟುಟು ನೇತೃತ್ವದಲ್ಲಿ ಕೂತ ಸತ್ಯ ಮತ್ತು ಸಾಮರಸ್ಯ ಆಯೋಗ ಇದನ್ನು ಇಡೀ ಜಗತ್ತಿಗೆ ಪರಿಚಯಿಸಿತು.

ಆಫ್ರಿಕಾಕ್ಕೆಲ್ಲ ಒಂದೇ ನಾಯಕತ್ವದ ಪದ್ಧತಿ ಇದೆಯಾ?

ಇಲ್ಲ. 54 ದೇಶ, ಸುಮಾರು 2,000 ಭಾಷೆ. ರಾಜರಿದ್ದ ನಾಡುಗಳಿವೆ, ರಾಜನೇ ಬೇಡ ಅಂದ ನಾಡುಗಳೂ ಇವೆ. ಆದರೆ ನಾನು ಓದಿದ ಕಡೆಯೆಲ್ಲಾ ಒಂದು ವಿಷಯ ಮತ್ತೆ ಮತ್ತೆ ಕಣ್ಣಿಗೆ ಬಿತ್ತು. ನಾಯಕ ಒಳ್ಳೆಯವನಾಗಿರಲಿ ಅಂತ ಹಾರೈಸಿ ಸುಮ್ಮನೆ ಕೂತವರು ಕಡಿಮೆ. ಅವನ ಕೈ ಕಟ್ಟುವುದು ಹೇಗೆ ಅನ್ನುವುದಕ್ಕೇ ಜಾಸ್ತಿ ತಲೆ ಓಡಿಸಿದ್ದಾರೆ. ತರಬೇತಿಯ ಬೋರ್ಡಿನ ಮೇಲೆ ಬರುವುದು ಬೆಚ್ಚಗಿನ ಭಾಗ ಮಾತ್ರ, ಕಟ್ಟುಪಾಡಿನ ಭಾಗ ಬರುವುದಿಲ್ಲ.

ಖೋಟ್ಲಾ ಅಂದರೆ ಏನು? ನಮ್ಮ ಅರಳಿಕಟ್ಟೆ ಪಂಚಾಯ್ತಿಯಂಥದ್ದಾ?

ನೋಡಲು ಹಾಗೇ ಅನ್ನಿಸುತ್ತದೆ. ಬೋಟ್ಸ್ವಾನಾದ ಊರುಗಳಲ್ಲಿ ಮರದ ದಿಮ್ಮಿಗಳನ್ನು ಅರ್ಧಚಂದ್ರದ ಹಾಗೆ ನೆಟ್ಟು, ಗಾಳಿಗೆ ತಡೆ ಮಾಡಿದ ಬಯಲು ಇರುತ್ತದೆ. ಅದು ಖೋಟ್ಲಾ. ಊರಿನ ಮುಖ್ಯಸ್ಥನನ್ನು "ಖೋಸಿ" ಅನ್ನುತ್ತಾರೆ. ಜಗಳ, ಜಮೀನು, ಮಳೆ, ದನ, ಈಗ ಸರ್ಕಾರದ ಯೋಜನೆ, ಎಲ್ಲದರ ಮಾತೂ ಅಲ್ಲೇ.

ಅಲ್ಲಿನ ಕಟ್ಟುಪಾಡು ಗಾದೆಗಳಲ್ಲೇ ಇದೆ. "ಖೋಸಿ ಕೆ ಖೋಸಿ ಕಾ ಮೊರಾಫೆ", ಖೋಸಿ ಖೋಸಿಯಾಗಿರುವುದು ಜನರಿಂದ. "ಮಾಫೋಕೊ ಅ ಖೋಟ್ಲಾ ಅ ಮಾನ್ಟ್ಲೆ ಒಟ್ಲೆ", ಖೋಟ್ಲಾದಲ್ಲಿ ಆಡಿದ ಮಾತೆಲ್ಲಾ ಚಂದದ್ದೇ. ಅಂದರೆ ಅಲ್ಲಿ ಆಡಿದ ಮಾತಿಗಾಗಿ ಯಾರನ್ನೂ ಆಮೇಲೆ ಹಿಡಿದು ಆಡಿಕೊಳ್ಳುವಂತಿಲ್ಲ. ಖೋಸಿ ಎಲ್ಲರ ಮಾತೂ ಕೇಳಿ ಕೊನೆಗೆ ಮಾತಾಡುತ್ತಾನೆ. ತನಗೆ ಇಷ್ಟವಾದದ್ದನ್ನು ಹೇಳುವುದು ಅವನ ಕೆಲಸವಲ್ಲ, ಸಭೆ ಎಲ್ಲಿಗೆ ಬಂದು ನಿಂತಿದೆಯೋ ಅದನ್ನು ಹೇಳಬೇಕು.

ಇದರ ತೂಕ ಗೊತ್ತಾಗಬೇಕಾದರೆ ಸೆರೋವೆ ಊರಿನ ಕಥೆ ಕೇಳಬೇಕು. ಬಂಗ್ವಾಟೊ ಜನರ ಖೋಸಿ ಆಗಬೇಕಿದ್ದ ಸೆರೆಟ್ಸೆ ಖಾಮ ಓದಲು ಲಂಡನ್ನಿಗೆ ಹೋಗಿದ್ದರು. 1948ರಲ್ಲಿ ಅಲ್ಲೇ ರೂತ್ ವಿಲಿಯಮ್ಸ್ ಎಂಬ ಬಿಳಿಯ ಹುಡುಗಿಯನ್ನು ಮದುವೆಯಾದರು. ಅವರ ಪರವಾಗಿ ಆಡಳಿತ ನೋಡುತ್ತಿದ್ದ ಚಿಕ್ಕಪ್ಪ ಟ್ಶೆಕೆಡಿ ಕೆಂಡವಾದರು. ಮಾತು ಖೋಟ್ಲಾಕ್ಕೆ ಬಂತು. 1948ರ ನವೆಂಬರಿನಲ್ಲಿ ಒಂದು ಸಭೆ, ಡಿಸೆಂಬರಿನಲ್ಲಿ ಇನ್ನೊಂದು. ಮೊದಮೊದಲು ಊರು ಚಿಕ್ಕಪ್ಪನ ಕಡೆಗಿತ್ತು. 1949ರ ಜೂನ್‌ನಲ್ಲಿ ಮೂರನೇ ಸಲ ಸಾವಿರಾರು ಜನ ಸೇರಿದರು. ನನ್ನನ್ನೂ ನನ್ನ ಹೆಂಡತಿಯನ್ನೂ ಒಪ್ಪುವವರು ಎದ್ದು ನಿಲ್ಲಿ ಅಂತ ಸೆರೆಟ್ಸೆ ಕೇಳಿದಾಗ ಬಹುತೇಕ ಸಭೆಯೇ ಎದ್ದು ನಿಂತಿತು. ಆಡಳಿತ ನಡೆಸುತ್ತಿದ್ದ ಟ್ಶೆಕೆಡಿ ಸೋತರು, ಊರನ್ನೇ ಬಿಟ್ಟು ಹೋದರು.

ಪಕ್ಕದ ದಕ್ಷಿಣ ಆಫ್ರಿಕಾದ ಬಿಳಿಯರ ಸರ್ಕಾರಕ್ಕೆ ಈ ಮದುವೆ ಗಂಟಲಿನ ಮುಳ್ಳು. ಆಗ ಬೋಟ್ಸ್ವಾನಾವನ್ನು ಆಳುತ್ತಿದ್ದ ಬ್ರಿಟಿಷರು ಅವರಿಗೆ ತಲೆಬಾಗಿ ಸೆರೆಟ್ಸೆಯನ್ನು ದೇಶದಿಂದ ಹೊರಗಿಟ್ಟರು. 1950ರ ಮಾರ್ಚ್‌ನಲ್ಲಿ ಹೈಕಮಿಷನರ್ ಇವೆಲಿನ್ ಬೇರಿಂಗ್ ಈ ತೀರ್ಮಾನ ತಿಳಿಸಲು ಸೆರೋವೆಯಲ್ಲಿ ಖೋಟ್ಲಾ ಕರೆದರು. ಜನ ಬರಲೇ ಇಲ್ಲ. ಅಧಿಕಾರದ ಪೂರ್ತಿ ಪೋಷಾಕು ತೊಟ್ಟುಕೊಂಡು ಬಂದ ದೊಡ್ಡ ಸಾಹೇಬರು ಸಭೆ ರದ್ದು ಮಾಡಿ ವಾಪಸ್ ಹೋಗಬೇಕಾಯಿತು. ಜನ ಸೇರದಿದ್ದರೆ ಅದು ಖೋಟ್ಲಾ ಅಲ್ಲ, ಸುಮ್ನೆ ಒಂದು ಬಯಲು.

ಸೆರೆಟ್ಸೆ 1956ರಲ್ಲಿ ಪಟ್ಟದ ಹಕ್ಕು ಬಿಟ್ಟುಕೊಟ್ಟು ಊರಿಗೆ ಮರಳಿದರು. 1966ರಲ್ಲಿ ಸ್ವತಂತ್ರ ಬೋಟ್ಸ್ವಾನಾದ ಮೊದಲ ಅಧ್ಯಕ್ಷರಾದರು.

ಎಲ್ಲರೂ ಮಾತಾಡುತ್ತಾ ಹೋದರೆ ಮೀಟಿಂಗ್ ಮುಗಿಯುವುದು ಯಾವಾಗ?

ತಡವಾಗಿಯೇ. ಇದನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲ. ನೆಲ್ಸನ್ ಮಂಡೇಲಾ ಹುಡುಗನಾಗಿದ್ದಾಗ ಮ್ಖೆಕೆಜ್ವೇನಿಯಲ್ಲಿ ಥೆಂಬು ಜನರ ಆಡಳಿತ ನಡೆಸುತ್ತಿದ್ದ ಜೊಂಗಿಂಟಾಬಾ ಅವರ ಮನೆಯಲ್ಲಿ ಬೆಳೆದರು. ಅಲ್ಲಿನ ಸಭೆಗಳು ಗಂಟೆಗಟ್ಟಲೆ ನಡೆಯುತ್ತಿದ್ದವು, ಜನ ಜೊಂಗಿಂಟಾಬಾ ಅವರನ್ನೇ ಎದುರೆದುರು ಬೈಯುತ್ತಿದ್ದರು, ಅವರು ಸುಮ್ಮನೆ ಕೇಳಿಸಿಕೊಳ್ಳುತ್ತಿದ್ದರು ಅಂತ ಆಮೇಲೆ ನೆನೆಸಿಕೊಂಡಿದ್ದಾರೆ. ಒಮ್ಮತ ಬರದಿದ್ದರೆ ಇನ್ನೊಂದು ಸಭೆ. ಬಹುಮತದಿಂದ ಕಡಿಮೆ ಜನರನ್ನು ತುಳಿಯುವುದು ಅವರಿಗೆ ಸರಿಕಾಣುತ್ತಿರಲಿಲ್ಲ.

ಸಮಯ ತಿಂದರೂ ಆಮೇಲೆ ಜಾರಿಗೆ ತರುವಾಗ ಜಗಳ ಕಡಿಮೆ. ನಮ್ಮ ಆಫೀಸುಗಳಲ್ಲಿ ಹತ್ತು ನಿಮಿಷದಲ್ಲಿ ತೀರ್ಮಾನ ಮಾಡಿ, ಆರು ತಿಂಗಳು ಅದನ್ನು ಒಪ್ಪಿಸಲು ಒದ್ದಾಡುವುದನ್ನು ನೋಡಿಲ್ವಾ?

ಜುಲು ಮತ್ತು ಖೋಸಾ ಜನರ "ಇಂಡಾಬಾ" ಸಭೆಯನ್ನು ಹವಾಮಾನ ಮಾತುಕತೆಗೂ ತಂದರು. 2011ರಲ್ಲಿ ಡರ್ಬನ್ನಿನಲ್ಲಿ ನಡೆದ ವಿಶ್ವಸಂಸ್ಥೆಯ ಸಮ್ಮೇಳನದಲ್ಲಿ ಆತಿಥೇಯರು ಇಂಡಾಬಾ ಮಾದರಿ ಬಳಸಿದರು. 2015ರಲ್ಲಿ ಪ್ಯಾರಿಸ್ ಒಪ್ಪಂದದ ಸಮಯದಲ್ಲೂ ಅದನ್ನೇ ಎತ್ತಿಕೊಂಡರು.

ನನಗೆ ಜಾಸ್ತಿ ಇಷ್ಟವಾದದ್ದು ಮಾಲಿ ದೇಶದ ಡೋಗೋನ್ ಜನರ "ಟೊಗುನಾ". ಊರಿನ ಹಿರಿಯರು ಮಾತಾಡಲು ಕೂರುವ ಚಾವಡಿ ಅದು. ನವಣೆ, ಸಜ್ಜೆಯಂಥ ಧಾನ್ಯದ ದಂಟನ್ನು ದಪ್ಪಗೆ ಹೊದಿಸಿದ ಮಾಡು. ಆ ಮಾಡು ಎಷ್ಟು ತಗ್ಗು ಅಂದರೆ ಒಳಗೆ ನೆಟ್ಟಗೆ ನಿಲ್ಲಲು ಆಗುವುದಿಲ್ಲ. ಸಿಟ್ಟು ಬಂದು ದಡಕ್ಕನೆ ಎದ್ದರೆ ತಲೆ ಬಡಿಯುತ್ತದೆ! ಕೂತೇ ಮಾತಾಡಬೇಕು. ಸಭೆಯ ಶಿಸ್ತನ್ನು ಕಟ್ಟಡದಲ್ಲೇ ಇಟ್ಟಿದ್ದಾರೆ.

ನಾಯಕ ಕೆಟ್ಟವನಾದರೆ ಏನು ಮಾಡುತ್ತಿದ್ದರು?

ಘಾನಾದ ಅಸಾಂಟೆ ಜನರನ್ನು ನೋಡಿ. ಅವರಲ್ಲಿ ಪಟ್ಟ ಅಂದರೆ ಕಿರೀಟ ಅಲ್ಲ, ಮಣೆ. ಎಲ್ಲಕ್ಕಿಂತ ದೊಡ್ಡದು "ಸಿಕಾ ದ್ವಾ ಕೋಫಿ", ಚಿನ್ನದ ಮಣೆ. 17ನೇ ಶತಮಾನದ ಕೊನೆಯ ಹೊತ್ತಿಗೆ ಒಕೊಂಫೊ ಅನೊಚಿ ಎಂಬ ಪೂಜಾರಿ ಅದನ್ನು ಆಕಾಶದಿಂದ ಇಳಿಸಿ, ರಾಜ ಒಸೆಯಿ ಟುಟು ತೊಡೆಯ ಮೇಲೆ ಇಟ್ಟ ಅಂತ ನಂಬುತ್ತಾರೆ. ಇಡೀ ಜನಾಂಗದ ಜೀವ ಅದರಲ್ಲಿದೆ. ಅದರ ಮೇಲೆ ಯಾರೂ ಕೂರುವುದಿಲ್ಲ, ರಾಜನೂ ಕೂರುವುದಿಲ್ಲ. 1900ರಲ್ಲಿ ಬ್ರಿಟಿಷ್ ಗವರ್ನರ್ ಹಾಡ್ಜ್‌ಸನ್ ಬಂದು, ಆ ಮಣೆ ಎಲ್ಲಿ, ನನಗೆ ಕೂರಲು ಯಾಕೆ ತಂದಿಲ್ಲ ಅಂತ ಕೇಳಿದ. ಅದಕ್ಕೇ ಯುದ್ಧ ಶುರುವಾಯಿತು. ಮುಂದೆ ನಿಂತು ನಡೆಸಿದವರು ಎಜಿಸು ಊರಿನ ರಾಜಮಾತೆ ಯಾ ಅಸಾಂಟೆವಾ. ಯುದ್ಧದಲ್ಲಿ ಸೋತರು, ಆದರೆ ಮಣೆ ಬ್ರಿಟಿಷರ ಕೈಗೆ ಸಿಗಲಿಲ್ಲ.

ಇನ್ನು ಮಣೆಯಿಂದ ಇಳಿಸುವ ವಿಷಯ. ಮುಖ್ಯಸ್ಥನನ್ನು ಮೊದಲು ಸೂಚಿಸುವುದೇ ರಾಜಮಾತೆ, ಅಂದರೆ "ಒಹೆಮಾ". ಹಿರಿಯರು ಒಪ್ಪಬೇಕು. ಪಟ್ಟಕ್ಕೆ ಕೂರಿಸುವಾಗ ಅವನ ಎದುರಿಗೇ ಷರತ್ತು ಹೇಳುತ್ತಾರೆ: ಜನರನ್ನು ಬೈಯಬೇಡ, ದುರಾಸೆ ಬೇಡ, ಹಿರಿಯರ ಸಲಹೆ ಕೇಳದೆ ಏನೂ ಮಾಡಬೇಡ. ಅವನು ಒಪ್ಪಿದ ಮೇಲೇ ಪಟ್ಟ. ಮಾತು ತಪ್ಪಿದರೆ ದೂರು, ವಿಚಾರಣೆ, ಆಮೇಲೆ ಮಣೆಯಿಂದ ಇಳಿಸುವುದು. ಮುಖ್ಯಸ್ಥನ ಬರಿಗಾಲು ನೆಲ ಮುಟ್ಟಬಾರದು ಅನ್ನುವ ನಿಯಮ ಇದೆ. ಇಳಿಸುವಾಗ ಅವನ ಚಪ್ಪಲಿಯನ್ನೇ ತೆಗೆಸುತ್ತಾರೆ. ಅಲ್ಲಿಗೆ ಮುಗಿಯಿತು, ಅವನೂ ನಮ್ಮ ನಿಮ್ಮ ಹಾಗೆ ನೆಲದ ಮೇಲೆ ನಡೆಯುವವನು.

ಮುಖ್ಯಸ್ಥನ ಜೊತೆ ನೇರವಾಗಿ ಮಾತಾಡುವ ಹಾಗೂ ಇಲ್ಲ. ನಡುವೆ ಕೋಲು ಹಿಡಿದ "ಒಚಿಯಾಮೆ" ಇರುತ್ತಾರೆ. ಮಾತು ಅವರ ಮೂಲಕ ಹೋಗಬೇಕು, ಅವರ ಮೂಲಕ ಬರಬೇಕು. ಸಿಟ್ಟಿನ ಮಾತು ದಾರಿಯಲ್ಲೇ ಸ್ವಲ್ಪ ತಣ್ಣಗಾಗುತ್ತದೆ. ಆ ಕೋಲುಗಳ ತುದಿಯಲ್ಲಿ ಗಾದೆಗಳನ್ನು ಕೆತ್ತಿರುತ್ತಾರೆ. ಒಂದರಲ್ಲಿ ಮೊಟ್ಟೆ ಹಿಡಿದ ಕೈ. ಅಧಿಕಾರವೂ ಮೊಟ್ಟೆಯ ಹಾಗೆ, ಗಟ್ಟಿ ಹಿಡಿದರೆ ಒಡೆಯುತ್ತದೆ, ಸಡಿಲ ಬಿಟ್ಟರೆ ಬೀಳುತ್ತದೆ.

ಅವಧಿ ಅಂತ ಏನಾದರೂ ಇತ್ತಾ, ಸಾಯುವವರೆಗೂ ಅವರೇನಾ?

ಇಥಿಯೋಪಿಯಾದ ಒರೊಮೊ ಜನರಲ್ಲಿ ಇತ್ತು, ಈಗಲೂ ಇದೆ. ಅದರ ಹೆಸರು "ಗಡಾ". ಗಂಡಸರು ಐದು ಗುಂಪುಗಳಲ್ಲಿ ಹಂಚಿಹೋಗಿರುತ್ತಾರೆ. ಒಂದೊಂದು ಗುಂಪಿಗೆ 8 ವರ್ಷ ಅಧಿಕಾರ. 8 ವರ್ಷ ಮುಗಿದ ಕೂಡಲೇ ಮುಖ್ಯಸ್ಥ "ಅಬ್ಬಾ ಗಡಾ" ಅಧಿಕಾರವನ್ನು ಮುಂದಿನ ಗುಂಪಿಗೆ ಕೊಡಬೇಕು. ಅದೇ ಗುಂಪಿಗೆ ಸರದಿ ಮತ್ತೆ ಬರುವುದು 40 ವರ್ಷಕ್ಕೆ, ಅಷ್ಟು ಹೊತ್ತಿಗೆ ಮಕ್ಕಳ ಕಾಲ.

ಅಧಿಕಾರ ಬರುವ ಮೊದಲು ವರ್ಷಗಟ್ಟಲೆ ತಯಾರಿ: ಕಾನೂನು, ಇತಿಹಾಸ, ಪಂಚಾಂಗ, ಮಾತುಗಾರಿಕೆ. ಬೊರಾನಾ ಒರೊಮೊಗಳು 8 ವರ್ಷಕ್ಕೊಮ್ಮೆ "ಗುಮಿ ಗಾಯೊ" ಅನ್ನುವ ಮಹಾಸಭೆ ಸೇರಿ ಕಾನೂನುಗಳನ್ನೇ ಮರುಪರಿಶೀಲಿಸುತ್ತಾರೆ. ಯುನೆಸ್ಕೊ 2016ರಲ್ಲಿ ಗಡಾವನ್ನು ಪರಂಪರೆಯ ಪಟ್ಟಿಗೆ ಸೇರಿಸಿತು. ಕುರ್ಚಿಗೆ ಅಂಟಿಕೊಂಡ ಅಧ್ಯಕ್ಷರು ಇದೇ ಖಂಡದಲ್ಲಿ ಎಷ್ಟು ಜನ ಇದ್ದಾರೆ ಅಂತ ನೋಡಿದರೆ ಇದು ಸಣ್ಣ ವಿಷಯವಲ್ಲ.

ರಾಜನೇ ಇಲ್ಲದ ಕಡೆ ವ್ಯಾಪಾರ, ವ್ಯವಹಾರ ಹೇಗೆ ನಡೆಯುತ್ತದೆ?

ನೈಜೀರಿಯಾದ ಇಗ್ಬೋ ಜನ "ಇಗ್ಬೋ ಎನ್ವೆ ಎಝೆ" ಅನ್ನುತ್ತಾರೆ, ಇಗ್ಬೋಗಳಿಗೆ ರಾಜ ಇಲ್ಲ. ಕೆಲವು ಊರುಗಳಲ್ಲಿ ರಾಜರಿದ್ದದ್ದು ನಿಜ, ಆದರೆ ಬಹಳ ಕಡೆ ಊರಿನ ಸಭೆ, ಹಿರಿಯರು, ಓರಗೆಯವರ ಗುಂಪುಗಳು, ಹೆಂಗಸರ ಸಂಘಗಳೇ ಆಡಳಿತ.

ಮ್ಯಾನೇಜ್‌ಮೆಂಟ್ ಓದುವವರು ಇಲ್ಲಿ ನೋಡಬೇಕಾದ್ದು "ಇಗ್ಬಾ ಬೋಯಿ". ಒಬ್ಬ ಹುಡುಗ ವ್ಯಾಪಾರಿಯೊಬ್ಬರ ಹತ್ತಿರ ಸೇರಿಕೊಳ್ಳುತ್ತಾನೆ. ವ್ಯಾಪಾರಿಯನ್ನು "ಓಗಾ" ಅನ್ನುತ್ತಾನೆ. ಐದಾರು ವರ್ಷ, ಕೆಲವು ಕಡೆ ಇನ್ನೂ ಜಾಸ್ತಿ, ಸಂಬಳ ಇಲ್ಲದೆ ದುಡಿಯುತ್ತಾನೆ. ಊಟ, ವಸತಿ ಓಗಾನದ್ದು. ಅಂಗಡಿ ಗುಡಿಸುವುದರಿಂದ ಶುರುವಾಗಿ ಸರಕು ತರಿಸುವುದು, ಗಿರಾಕಿಯನ್ನು ಅಳೆಯುವುದು, ಲೆಕ್ಕ ಬರೆಯುವುದು ಎಲ್ಲಾ ಕಲಿಯುತ್ತಾನೆ. ಅವಧಿ ಮುಗಿದ ಮೇಲೆ ಓಗಾ ಅವನಿಗೆ ಬಂಡವಾಳ ಕೊಟ್ಟು, ಸ್ವಂತ ಅಂಗಡಿ ಹಾಕಿಸಿಕೊಡಬೇಕು. ಇದಕ್ಕೆ ಅಲ್ಲಿ "ಸೆಟ್ಲ್‌ಮೆಂಟ್" ಅಂತಲೇ ಹೆಸರು. ಕೆಲವೊಮ್ಮೆ ಅದೇ ಬೀದಿಯಲ್ಲಿ, ಅದೇ ಸರಕಿನ ಅಂಗಡಿ! ಅಂದರೆ ತನ್ನ ಪ್ರತಿಸ್ಪರ್ಧಿಯನ್ನು ತಾನೇ ತಯಾರು ಮಾಡುವುದು. ಎಷ್ಟು ಹುಡುಗರನ್ನು ನಿಲ್ಲಿಸಿದ ಅನ್ನುವುದರಲ್ಲೇ ಓಗಾನ ಮರ್ಯಾದೆ.

ನೈಜೀರಿಯಾದಿಂದ ಬೇರೆಯಾಗಲು ಇಗ್ಬೋಗಳು ಹೋರಾಡಿದ ಬಿಯಾಫ್ರಾ ಯುದ್ಧ 1970ರಲ್ಲಿ ಮುಗಿದಾಗ, ಬ್ಯಾಂಕಿನಲ್ಲಿ ಎಷ್ಟೇ ಹಣವಿದ್ದ ಇಗ್ಬೋಗಳಿಗೂ ಸರ್ಕಾರ ಕೊಟ್ಟದ್ದು 20 ಪೌಂಡ್. ಅಲ್ಲಿಂದ ಅವರು ಎದ್ದು ಓನಿಚಾ, ನ್ನೆವಿ, ಆಬಾ, ಲಾಗೋಸಿನ ಅಲಾಬಾ ಮಾರುಕಟ್ಟೆಗಳನ್ನು ಹಿಡಿದದ್ದರಲ್ಲಿ ಈ ಪದ್ಧತಿಯ ಪಾಲು ದೊಡ್ಡದು.

ತೊಂದರೆಯೂ ಇದೆ. ಕರಾರು ಬಹಳ ಸಲ ಬಾಯಿಮಾತಿನದ್ದು. ಕೊನೆಯ ವರ್ಷ ಕಳ್ಳತನದ ಆರೋಪ ಹೊರಿಸಿ ಬರಿಗೈಯಲ್ಲಿ ಓಡಿಸುವ ಓಗಾಗಳೂ ಇದ್ದಾರೆ.

ಸ್ಟೋಕ್‌ವೆಲ್ ಅಂದರೆ ನಮ್ಮ ಚೀಟಿನಾ?

ಹೌದು, ಹತ್ತಿರದ ನೆಂಟ. ದಕ್ಷಿಣ ಆಫ್ರಿಕಾದಲ್ಲಿ ಸ್ಟೋಕ್‌ವೆಲ್, ಘಾನಾದಲ್ಲಿ ಸುಸು, ಇಥಿಯೋಪಿಯಾದಲ್ಲಿ ಇಕುಬ್, ಕೀನ್ಯಾದಲ್ಲಿ ಚಾಮಾ. ತಿಂಗಳು ತಿಂಗಳು ಹಣ ಹಾಕಿ ಸರದಿಯಲ್ಲಿ ತೆಗೆದುಕೊಳ್ಳುವುದು. ಅಲ್ಲಿ ಸಾವಿನ ಖರ್ಚಿಗೆಂದೇ ಬೇರೆ ಸಂಘಗಳೂ ಇವೆ. ಹೊಲದ ಕೆಲಸಕ್ಕೆ ಒಬ್ಬರ ಮನೆಗೆ ಇನ್ನೊಬ್ಬರು ಹೋಗುವ "ಇಲಿಮಾ", "ಲೆಟ್ಸೆಮಾ" ಪದ್ಧತಿಗಳನ್ನು ಮಲೆನಾಡಿನವರಿಗೆ ವಿವರಿಸಬೇಕಾಗಿಲ್ಲ. ಮುಯ್ಯಾಳು ಅಂದರೆ ಸಾಕು.

ಇದನ್ನು ಕಂಪನಿಗಳಲ್ಲಿ ನಿಜವಾಗಿ ಬಳಸಿದ್ದಾರಾ?

ಬಳಸಲು ನೋಡಿದ್ದಾರೆ. ಜಿಂಬಾಬ್ವೆಯ ಲವ್‌ಮೋರ್ ಎಂಬಿಗಿ 1990ರ ದಶಕದಲ್ಲಿ ಉಬುಂಟುವನ್ನು ಮ್ಯಾನೇಜ್‌ಮೆಂಟಿಗೆ ತಂದವರಲ್ಲಿ ಮೊದಲಿಗರು. ದಕ್ಷಿಣ ಆಫ್ರಿಕಾದ ಕಂಪನಿ ಆಡಳಿತದ ನಿಯಮಾವಳಿಯಾದ ಕಿಂಗ್ ವರದಿಗಳಲ್ಲೂ (2002, 2016) ಉಬುಂಟು ಇದೆ. 1997ರಲ್ಲಿ ಅಲ್ಲಿನ ಸರ್ಕಾರಿ ಕಚೇರಿಗಳಿಗೆ "ಬಾಥೊ ಪೆಲೆ", ಅಂದರೆ ಜನ ಮೊದಲು, ಅನ್ನುವ ನೀತಿ ಬಂತು. ಅಮೆರಿಕದಲ್ಲಿ ಬಾಸ್ಟನ್ ಸೆಲ್ಟಿಕ್ಸ್ ಬಾಸ್ಕೆಟ್‌ಬಾಲ್ ತಂಡ ಉಬುಂಟು ಅಂತ ಕೂಗಿಕೊಂಡು 2008ರಲ್ಲಿ ಕಪ್ ಗೆದ್ದಿತು.

ಇನ್ನೊಂದು ಮುಖ ದಕ್ಷಿಣ ಆಫ್ರಿಕಾದ ಮಾರಿಕಾನಾ. 2012ರ ಆಗಸ್ಟಿನಲ್ಲಿ ಅಲ್ಲಿನ ಪ್ಲಾಟಿನಂ ಗಣಿಯ ಕಾರ್ಮಿಕರು ಸಂಬಳ 12,500 ರಾಂಡ್ ಮಾಡಿ ಅಂತ ಮುಷ್ಕರ ಹೂಡಿ, ಹತ್ತಿರದ ಕಲ್ಲುಗುಡ್ಡದ ಮೇಲೆ ಕೂತರು. ಕಂಪನಿಯವರು ಇಲ್ಲಿಗೆ ಬಂದು ನಮ್ಮ ಮಾತು ಕೇಳಲಿ ಅನ್ನುವುದೇ ಅವರ ಬೇಡಿಕೆ. ಬಯಲಿಗೆ ಬಂದು ಕೂತು ಕೇಳು, ಅಷ್ಟೇ. ಆಡಳಿತದವರು ಹೋಗಲಿಲ್ಲ. ಅದಕ್ಕೂ ಮೊದಲೇ ಹಿಂಸೆಯಲ್ಲಿ ಹತ್ತು ಜನ ಸತ್ತಿದ್ದರು, ಅದರಲ್ಲಿ ಪೊಲೀಸರೂ ಇದ್ದರು. 16ನೇ ತಾರೀಕು ಪೊಲೀಸರ ಗುಂಡಿಗೆ 34 ಕಾರ್ಮಿಕರು ಬಲಿಯಾದರು. ಕಂಪನಿ ನಿಯಮಾವಳಿಯಲ್ಲಿ ಉಬುಂಟು ಅಂತ ಬರೆದುಕೊಂಡ ದೇಶದಲ್ಲೇ ಇದು ನಡೆಯಿತು.

ಹೆಂಗಸರಿಗೆ ಇದರಲ್ಲೆಲ್ಲಾ ಜಾಗ ಇತ್ತಾ?

ಕೆಲವು ಕಡೆ ಇತ್ತು, ಕೆಲವು ಕಡೆ ಇರಲಿಲ್ಲ. ಖೋಟ್ಲಾ ಬಹುಕಾಲ ಗಂಡಸರದ್ದೇ. ಮಂಡೇಲಾ ನೋಡಿದ ಸಭೆಗಳಲ್ಲೂ ಹೆಂಗಸರು ಇರಲಿಲ್ಲ. ಅಲ್ಲಿ ಎಲ್ಲರಿಗೂ ಮಾತಿನ ಹಕ್ಕು ಅನ್ನುವಾಗ "ಎಲ್ಲರೂ" ಅಂದರೆ ಯಾರು ಅಂತ ಕೇಳಲೇಬೇಕು. 2003ರಲ್ಲಿ ಬೋಟ್ಸ್ವಾನಾದ ಬಲೆಟೆ ಜನರಿಗೆ ಮೊಸಾಡಿ ಸೆಬೋಕೊ ಖೋಸಿಯಾದರು. ಆ ದೇಶದಲ್ಲಿ ಒಂದು ಜನಾಂಗಕ್ಕೆ ಮುಖ್ಯಸ್ಥೆಯಾದ ಮೊದಲ ಮಹಿಳೆ ಅವರು.

ಇಗ್ಬೋ ಹೆಂಗಸರದ್ದು ಬೇರೆಯೇ ದಾರಿ. ಗಂಡಸೊಬ್ಬ ಮಿತಿಮೀರಿದರೆ ಅವನ ಮನೆ ಮುಂದೆ ಗುಂಪಾಗಿ ಸೇರಿ, ಅವನನ್ನು ಆಡಿಕೊಳ್ಳುವ ಹಾಡು ಹಾಡಿ, ಕುಣಿದು, ಮನೆಯ ಗೋಡೆ ಬಡಿದು, ತಪ್ಪೊಪ್ಪಿಕೊಳ್ಳುವವರೆಗೂ ಬಿಡುತ್ತಿರಲಿಲ್ಲ. ಬ್ರಿಟಿಷರು ರಾಜರಿಲ್ಲದ ಈ ಊರುಗಳಿಗೆ ಕಾಗದ ಕೊಟ್ಟು "ವಾರಂಟ್ ಚೀಫ್"ಗಳನ್ನು ನೇಮಿಸಿದರು. 1929ರಲ್ಲಿ ಹೆಂಗಸರಿಗೂ ತೆರಿಗೆ ಬರುತ್ತದೆ ಅನ್ನುವ ಸುದ್ದಿ ಹಬ್ಬಿದಾಗ ಸಾವಿರಾರು ಹೆಂಗಸರು ಈ ಚೀಫ್‌ಗಳ ಮನೆ ಮುಂದೆ ಇದೇ ಆಯುಧ ಹಿಡಿದರು. ಸೈನ್ಯ, ಪೊಲೀಸರ ಗುಂಡಿಗೆ 50ಕ್ಕೂ ಹೆಚ್ಚು ಹೆಂಗಸರು ಸತ್ತರು. ವಾರಂಟ್ ಚೀಫ್ ಪದ್ಧತಿಯನ್ನು ಸರ್ಕಾರ ಆಮೇಲೆ ಕೈಬಿಟ್ಟಿತು.

ಇಷ್ಟೆಲ್ಲಾ ಇದ್ದೂ ಆಫ್ರಿಕಾದಲ್ಲಿ ಅಷ್ಟೊಂದು ಸರ್ವಾಧಿಕಾರಿಗಳು ಹೇಗೆ ಬಂದರು?

ಒಂದು ಉತ್ತರ ಮೇಲಿನ ಕಥೆಯಲ್ಲೇ ಇದೆ. ಮುಖ್ಯಸ್ಥ ಜನರಿಗೆ ಉತ್ತರ ಕೊಡುವ ಬದಲು ಬ್ರಿಟಿಷ್ ಅಧಿಕಾರಿಗೆ ಉತ್ತರ ಕೊಡುವವನಾದ. ಅವನನ್ನು ಇಳಿಸುವ ದಾರಿಗಳು ಮುಚ್ಚಿಹೋದವು, ಅಧಿಕಾರ ಮಾತ್ರ ಉಳಿಯಿತು. ಉಗಾಂಡಾದ ವಿದ್ವಾಂಸ ಮಹಮೂದ್ ಮಮ್ದಾನಿ ಇದನ್ನು ಊರೂರಿಗೆ ಹಂಚಿದ ಸರ್ವಾಧಿಕಾರ ಅನ್ನುತ್ತಾರೆ. ನನಗೆ ಇದು ಸರಿ ಅನ್ನಿಸುತ್ತದೆ, ಆದರೆ ಎಲ್ಲಾ ತಪ್ಪನ್ನೂ ಬಿಳಿಯರ ತಲೆಗೆ ಕಟ್ಟಲು ಆಗುವುದಿಲ್ಲ. ಮೊದಲೂ ಕ್ರೂರ ರಾಜರಿದ್ದರು, ಗುಲಾಮರನ್ನು ಮಾರಿದವರಿದ್ದರು.

ಸ್ವಾತಂತ್ರ್ಯದ ನಂತರ ಸರ್ಕಾರಗಳು ಇದನ್ನು ಬಳಸಿದಾಗ ಏನಾಯಿತು?

ಟಾಂಜಾನಿಯಾದ ಜೂಲಿಯಸ್ ನೈರೇರೆ 1967ರ ಅರುಷಾ ಘೋಷಣೆಯೊಂದಿಗೆ "ಉಜಾಮಾ" ನೀತಿ ತಂದರು. ಒಂದೇ ಕುಟುಂಬದವರ ಹಾಗೆ ಬಾಳುವುದು ಅಂತ ಅರ್ಥ. ಮೊದಲು ಇಷ್ಟ ಇದ್ದವರು ಹಳ್ಳಿಗಳಲ್ಲಿ ಕೂಡಿ ಬಾಳಲಿ ಅಂದರು. 1973ರ ಹೊತ್ತಿಗೆ ಅದು ಕಡ್ಡಾಯವಾಯಿತು. ಲಕ್ಷಾಂತರ ಜನರನ್ನು ಎಬ್ಬಿಸಿ ಹೊಸ ಹಳ್ಳಿಗಳಿಗೆ ಸಾಗಿಸಿದರು, ಬೇಸಾಯ ಹಾಳಾಯಿತು. ಕುಟುಂಬವಾಗಿರಿ ಅಂತ ಲಾರಿಯಲ್ಲಿ ತುಂಬಿ ಕಳಿಸಿದರೆ ಕುಟುಂಬ ಆಗುತ್ತದಾ?

ಕೀನ್ಯಾದ "ಹರಾಂಬೆ", ಎಲ್ಲರೂ ಸೇರಿ ಎಳೆಯೋಣ, ಊರವರ ಹಣದಿಂದಲೇ ಎಷ್ಟೋ ಶಾಲೆಗಳನ್ನು ಕಟ್ಟಿತು. ಆಮೇಲೆ ರಾಜಕಾರಣಿಗಳು ವೇದಿಕೆಯ ಮೇಲೆ ನಿಂತು ನೋಟಿನ ಕಟ್ಟು ತೋರಿಸುವ ಜಾಗವೂ ಆಯಿತು. 2003ರಲ್ಲಿ ಅಧಿಕಾರಿಗಳು ಹುದ್ದೆ ಬಳಸಿ ಹರಾಂಬೆ ವಂತಿಗೆ ಎತ್ತುವುದಕ್ಕೆ ಕಾನೂನು ಕಡಿವಾಣ ಹಾಕಿತು. ("ಹರಾಂಬೆ" ರೈಲು ಹಳಿ ಹಾಕಲು ಹೋದ ಭಾರತೀಯರ "ಹರ ಅಂಬೆ"ಯಿಂದ ಬಂತು ಅನ್ನುವ ಮಾತನ್ನು ನೀವೂ ಕೇಳಿರಬಹುದು. ನಮಗೆ ಖುಷಿ ಕೊಡುತ್ತದೆ, ಅಷ್ಟೇ. ನಾನಂತೂ ನಂಬುವುದಿಲ್ಲ.)

ರುವಾಂಡಾ ಎಲ್ಲಕ್ಕಿಂತ ಕಷ್ಟದ ಉದಾಹರಣೆ. 1994ರ ನರಮೇಧದ ಆರೋಪಿಗಳು ಲಕ್ಷಗಟ್ಟಲೆ ಇದ್ದರು. ಮಾಮೂಲಿ ಕೋರ್ಟುಗಳಲ್ಲಿ ಅದು ಮುಗಿಯುವ ಕೆಲಸವಲ್ಲ. ಊರವರು ಹುಲ್ಲಿನ ಮೇಲೆ ಕೂತು ಜಗಳ ಬಿಡಿಸುತ್ತಿದ್ದ ಹಳೆಯ "ಗಚಾಚಾ"ವನ್ನು ಹೊಸ ಕಾನೂನಿನಲ್ಲಿ ತಂದರು. ಸುಮಾರು 12,000 ಊರ ನ್ಯಾಯಾಲಯಗಳು 2012ರ ಹೊತ್ತಿಗೆ ಸುಮಾರು 19 ಲಕ್ಷ ಪ್ರಕರಣ ಮುಗಿಸಿದವು. ಎಷ್ಟೋ ಮನೆಯವರಿಗೆ ತಮ್ಮವರ ಹೆಣ ಎಲ್ಲಿದೆ ಅಂತ ಗೊತ್ತಾದದ್ದು ಅಲ್ಲೇ. ಆದರೆ ಆರೋಪಿಗೆ ವಕೀಲರಿಲ್ಲ, ಯುದ್ಧ ಗೆದ್ದು ಅಧಿಕಾರಕ್ಕೆ ಬಂದ ಪಕ್ಷದ ಸೈನಿಕರ ತಪ್ಪುಗಳು ಅಲ್ಲಿಗೆ ಬರಲಿಲ್ಲ. ಜಿಲ್ಲೆಯ ಮೇಯರುಗಳು ಅಧ್ಯಕ್ಷರ ಎದುರು ವರ್ಷದ ಗುರಿಗೆ ಸಹಿ ಹಾಕುವ "ಇಮಿಹಿಗೊ" ಕೂಡ ಹಳೆಯ ಯೋಧರ ಶಪಥದ ಹೆಸರೇ. ರಸ್ತೆ, ಆಸ್ಪತ್ರೆ ಆಗಿವೆ. ಮೇಲಿನಿಂದ ಕೆಳಕ್ಕೆ ಲೆಕ್ಕ ಕೇಳುವುದಕ್ಕೆ ಅದು ಒಳ್ಳೆಯ ಉಪಾಯ. ಕೆಳಗಿನಿಂದ ಮೇಲಕ್ಕೆ ಕೇಳುವ ದಾರಿ ಮಾತ್ರ ಕಾಣುವುದಿಲ್ಲ.

ನಮ್ಮ ಉತ್ತರ ಕನ್ನಡದ ಸಿದ್ದಿಯರಿಗೂ ಇದಕ್ಕೂ ಸಂಬಂಧ ಇದೆಯಾ?

ಯಲ್ಲಾಪುರ, ಹಳಿಯಾಳ, ಮುಂಡಗೋಡು ಕಡೆಯ ಸಿದ್ದಿಯರ ಹಿರಿಯರು ಆಫ್ರಿಕಾದಿಂದ ಬಂದವರು, ಬಹಳಷ್ಟು ಜನ ಗುಲಾಮರಾಗಿ ಬಂದವರು. ಆದರೆ ಅವರ ಇಂದಿನ ಪದ್ಧತಿಗಳು ಇಲ್ಲಿನ ಕಾಡಿನಲ್ಲಿ, ಇಲ್ಲಿನ ಜನರ ನಡುವೆ ಬೆಳೆದವು. ಅವರು ಕೂಡಿ ಬಾಳುವುದನ್ನು ನೋಡಿ "ಓ, ಉಬುಂಟು" ಅನ್ನುವುದು ನನಗೆ ಸರಿ ಕಾಣುವುದಿಲ್ಲ.

ನಮ್ಮ ಟೀಮಿನಲ್ಲಿ ಇದನ್ನು ಮಾಡಿ ನೋಡಬಹುದಾ?

ನಾನು ಒಂದನ್ನು ಮಾಡಿ ನೋಡಿದೆ: ಮೀಟಿಂಗಿನಲ್ಲಿ ನಾನು ಕೊನೆಗೆ ಮಾತಾಡುವುದು. ಮೊದಲ ತಿಂಗಳು ಪೂರ್ತಿ ಸೋಲು. ಎಲ್ಲರೂ ಮಾತಾಡುವ ಬದಲು ನನ್ನ ಮುಖ ನೋಡುತ್ತಾ ಕೂತರು. ಹುಬ್ಬು ಸ್ವಲ್ಪ ಏರಿದರೆ ಸಾಕು, ಮಾತು ಬದಲಾಗುತ್ತಿತ್ತು. ಯಾಕೆ ಅಂತ ಆಮೇಲೆ ಹೊಳೆಯಿತು. ವರ್ಷದ ಕೊನೆಗೆ ಅವರ ಅಪ್ರೈಸಲ್ ಬರೆಯುವವನು ನಾನೇ. ಖೋಟ್ಲಾದಲ್ಲಿ ಆಡಿದ ಮಾತಿಗೆ ಆಮೇಲೆ ಶಿಕ್ಷೆ ಇಲ್ಲ ಅನ್ನುವ ಭರವಸೆ ನಮ್ಮ ಮೀಟಿಂಗಿನಲ್ಲಿ ಇರಲಿಲ್ಲ. ಬರೀ ಸುಮ್ಮನಿರುವುದನ್ನು ಎರವಲು ತಂದಿದ್ದೆ, ಅದರ ಹಿಂದಿನ ಕಟ್ಟುಪಾಡನ್ನು ತಂದಿರಲಿಲ್ಲ.

ಆಮೇಲೆ ಎರಡು ಬದಲಾವಣೆ ಮಾಡಿದೆವು. ಹೊಸದಾಗಿ ಸೇರಿದವರು ಮೊದಲು ಮಾತಾಡುವುದು. ಮತ್ತೆ, ಸಭೆಯ ತೀರ್ಮಾನವನ್ನು ನಾನಲ್ಲ, ನನ್ನ ಮಾತಿಗೆ ವಿರೋಧ ಹೇಳಿದವರೇ ಬರೆದು ಕಳಿಸುವುದು. ಈಗ ಪರವಾಗಿಲ್ಲ. ಒಂದು ಸಲ ನನ್ನದೇ ಯೋಜನೆ ಬಿದ್ದುಹೋಯಿತು. ಎರಡು ದಿನ ಬೇಜಾರಾಗಿತ್ತು.

ಖೋಟ್ಲಾವನ್ನು ಹೋಗಿ ನೋಡಬಹುದಾ?

ನೋಡಬಹುದು. ರಾಜಧಾನಿ ಗ್ಯಾಬೊರೋನಿನಿಂದ ಹತ್ತಿರದ ಮೊಚುಡಿಯಲ್ಲಿ ಒಂದಿದೆ, ಪಕ್ಕದ ಗುಡ್ಡದ ಮೇಲೆ ಮ್ಯೂಸಿಯಂ ಇದೆ. ಸೆರೋವೆ ದೂರ, ಆದರೆ ಮೇಲಿನ ಕಥೆ ನಡೆದ ಜಾಗ ಅದೇ. ಅಲ್ಲಿ ಗುಡ್ಡದ ಮೇಲೆ ಸೆರೆಟ್ಸೆಯ ಅಜ್ಜ ಮೂರನೇ ಖಾಮರ ಸಮಾಧಿಯಿದೆ, ಅದರ ಮೇಲೆ ಕಂಚಿನ ಒಂದು ಪುಟ್ಟ ಜಿಂಕೆ. ಅದು ಬಂಗ್ವಾಟೊಗಳ ಕುಲದ ಪ್ರಾಣಿ.

ಒಳಗೆ ಹೋಗುವ ಮುಂಚೆ ಅನುಮತಿ ಕೇಳಿ. ಗಂಡಸರು ಟೋಪಿ ತೆಗೆಯಬೇಕು. ಹೆಂಗಸರು ಪ್ಯಾಂಟ್ ಹಾಕಿಕೊಂಡು ಬಂದರೆ ಬಹಳ ಕಡೆ ಇಷ್ಟಪಡುವುದಿಲ್ಲ. ಸಿಟ್ಟು ಬಂದರೂ ಲಂಗ ಅಥವಾ ಸೀರೆ ಉಟ್ಟು ಹೋಗಿ, ಜಗಳ ಆಮೇಲೆ ಮಾಡೋಣ. ಹಿರಿಯ ಗಂಡಸರಿಗೆ "ಡುಮೇಲಾ ರ್ರಾ", ಹೆಂಗಸರಿಗೆ "ಡುಮೇಲಾ ಮ್ಮಾ" ಅನ್ನಿ. ಸಭೆ ನಡೆಯುತ್ತಿದ್ದರೆ ಹಿಂದೆ ಕೂತುಕೊಳ್ಳಿ. ಮಾತು ಮೆಚ್ಚಿಗೆಯಾದಾಗ ಜನ "ಪೂಲಾ!" ಅಂತ ಕೂಗುತ್ತಾರೆ. ಪೂಲಾ ಅಂದರೆ ಮಳೆ. ಆ ಒಣ ದೇಶದಲ್ಲಿ ನೋಟಿನ ಹೆಸರೂ ಅದೇ.